ಮೇಷ್ಟ್ರು ಹಾಕಿದ ಗೆರೆ

ಬಲಗಾಲಿನ ಶೂ ಹೋಯಿತು. ಎಡಗಾಲಿನದು ಜಪ್ಪಯ್ಯ ಅಂದರೂ ಹೋಗಲಿಲ್ಲ.

ಮಗಳು ನೆಲದ ಮೇಲೆ ಮಂಡಿಯೂರಿ, ಅಪ್ಪನ ಹಿಮ್ಮಡಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಬಿಳಿ ಕ್ಯಾನ್ವಾಸ್ ಶೂವನ್ನು ಇನ್ನೊಂದು ಕೈಯಿಂದ ತುರುಕುತ್ತಿದ್ದಳು. ಕಾಲು ಊದಿಕೊಂಡು ಭಾರವಾಗಿತ್ತು. ಆಸ್ಪತ್ರೆಯಲ್ಲಿ ಕಣ್ಣೊದ್ದೆ ಮಾಡಿಕೊಳ್ಳದೆ ಸಹಿ ಹಾಕಿ ಬಂದವಳಿಗೆ ಈ ಶೂ ಎದುರಿಗೆ ಮಾತ್ರ ಅಳು ಬರುವ ಹಾಗಾಯಿತು.

"ಲೇಸ್ ಪೂರ್ತಿ ಬಿಚ್ಚಿಬಿಡೇ ಪುಟ್ಟಿ," ಎಂದಳು ಅಮ್ಮ, ಮಂಚದ ಅಂಚಿನಲ್ಲಿ ಕೂತು.

"ಬಿಚ್ಚಾಯ್ತು. ಸಾಕ್ಸ್ ಒಂದೇ ಸಾಕಮ್ಮ. ಮೇಲೆ ಬಟ್ಟೆ ಹೊದಿಸ್ತಾರಲ್ಲ, ಯಾರಿಗೆ ಕಾಣುತ್ತೆ?"

"ನಂಗೆ ಕಾಣುತ್ತೆ. ಬೆಳಗಾದ್ರೆ ಶೂ ಹಾಕ್ಕೊಂಡು ಗ್ರೌಂಡಿಗೆ ಹೋಗ್ತಿದ್ದ ಮನುಷ್ಯ. ಇವತ್ತು ಬರಿಗಾಲಲ್ಲಿ ಕಳಿಸಲಾ?"

ಅಮ್ಮ ಎದ್ದು ಹೋಗಿ ಅಡುಗೆಮನೆಯಿಂದ ಒಂದು ಚಮಚ ತಂದಳು. ಅದನ್ನು ಹಿಮ್ಮಡಿಗೆ ಕೊಟ್ಟು ಒತ್ತಿದಾಗ ಕಾಲು ಒಳಗೆ ಜಾರಿತು. ಇಬ್ಬರೂ ಅಷ್ಟು ಹೊತ್ತು ಉಸಿರು ಬಿಗಿಹಿಡಿದಿದ್ದರು ಅಂತ ಕಾಣುತ್ತದೆ, ಒಟ್ಟಿಗೇ ಬಿಟ್ಟರು.

ಮಲಗಿದ್ದವರು ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ನಿವೃತ್ತರಾಗಿ ಬಹಳ ಕಾಲವಾದರೂ ಊರು ಅವರನ್ನು ಹಾಗೇ ಕರೆಯುತ್ತಿತ್ತು. ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು ಅಂದರೆ ಏನು ಅಂತ ಓದಿದವರಿಗೆಲ್ಲ ಗೊತ್ತು. ಪರೀಕ್ಷೆ ಬಂದರೆ ಕಾವಲುಗಾರ, ಅತಿಥಿಗಳು ಬಂದರೆ ಕುರ್ಚಿ ಹೊರಿಸುವವನು, ಪಾಠ ಮುಗಿಯಲಿಲ್ಲ ಅಂತ ಬೇರೆ ಮೇಷ್ಟ್ರು ಬಂದು ನಿಂತರೆ ಪೀರಿಯಡ್ ಬಿಟ್ಟುಕೊಟ್ಟು ಹೊರಗೆ ಹೋಗುವವನು. ಆದರೆ ಗ್ರೌಂಡಿಗೆ ಇಳಿದರೆ ಇವರ ಮಾತೇ ಕೊನೆಯ ಮಾತಾಗಿತ್ತು. ಓಟದ ಗೆರೆಗಳನ್ನು ಹಗ್ಗ ಹಿಡಿದು, ಸುಣ್ಣದ ಪುಡಿ ಸುರಿದು, ಸ್ವತಃ ನಿಂತು ಹಾಕಿಸುತ್ತಿದ್ದರು. ಗೆರೆಯ ಮೇಲೆ ಹೆಬ್ಬೆರಳ ತುದಿ ತಾಕಿದರೂ ಓಟವನ್ನೇ ನಿಲ್ಲಿಸಿ ಹಿಂದಕ್ಕೆ ಕಳಿಸುತ್ತಿದ್ದರು, ಅದು ಊರಿನ ದೊಡ್ಡ ಮನುಷ್ಯರ ಮಗನ ಹೆಬ್ಬೆರಳಾದರೂ ಸರಿ. ಅಂಗಡಿಯವನು ತೂಕದ ಮೇಲೆ ಆಣೆ ಇಡುವಾಗ, "ಅನುಮಾನವೇ ಬೇಡ ಸ್ವಾಮಿ, ಡ್ರಿಲ್ ಮೇಷ್ಟ್ರು ಹಾಕಿದ ಗೆರೆ ಇದು," ಅನ್ನುವಷ್ಟರ ಮಟ್ಟಿಗೆ ಆ ಮಾತು ಹಬ್ಬಿತ್ತು.

ಹಜಾರ ತುಂಬಿತ್ತು. ಬಂದವರಲ್ಲಿ ಹೆಚ್ಚಿನವರು ಹಳೆಯ ವಿದ್ಯಾರ್ಥಿಗಳು. ತಲೆ ನರೆತವರೂ ಬಾಗಿಲಲ್ಲಿ ಸಾಲಾಗಿ ನಿಂತು ಒಬ್ಬೊಬ್ಬರಾಗಿ ಒಳಗೆ ಬರುತ್ತಿದ್ದರು. ಮೊದಲು ಬಂದು ಕುರ್ಚಿ ಹಿಡಿದವರು ಮಾತ್ರ ಲೆಕ್ಕದ ಮೇಷ್ಟ್ರು. ಈಗ ಅವರಿಗೆ ಕಿವಿ ಮಂದ, ಕೈಯಲ್ಲಿ ಕೋಲು.

"ನಿಮ್ಮಪ್ಪನ ಪೀರಿಯಡ್ ನಾನು ಎಷ್ಟು ನುಂಗಿದೀನೋ ದೇವರಿಗೇ ಗೊತ್ತು ಕಣಮ್ಮ," ಎಂದರು ಮಗಳ ಕೈ ಹಿಡಿದು, ಮನೆಗೆಲ್ಲ ಕೇಳುವಂತೆ. "ಒಂದು ದಿನ ಬೇಡ ಅನ್ನಲಿಲ್ಲ, ಪುಣ್ಯಾತ್ಮ."

"ಹೌದು ಸಾರ್. ನುಂಗಿದ್ದು ಜೀರ್ಣ ಆಯ್ತಾ?" ಎಂದ ಮೂಲೆಯಲ್ಲಿದ್ದ ಫೋಟೋಗ್ರಾಫರ್. ಸಾವಿನ ಮನೆಯಲ್ಲೂ ನಾಲ್ಕು ಜನ ನಕ್ಕರು. ಲೆಕ್ಕದ ಮೇಷ್ಟ್ರಿಗೆ ಕೇಳಿಸಲಿಲ್ಲ.

ಫೋಟೋಗ್ರಾಫರ್ ತನ್ನ ಕತೆಯನ್ನೂ ಹೇಳಿದ. ಅವನು ಓಡಲೂ ಬಾರದ, ಎಗರಲೂ ಬಾರದ ಹುಡುಗ. ಅವನನ್ನು ಸಾಲಿನಿಂದ ಹೊರಗೆ ನಿಲ್ಲಿಸಿ ಡ್ರಿಲ್ ಮೇಷ್ಟ್ರು ಶಾಲೆಯ ಕ್ಯಾಮೆರಾ ಕೈಗೆ ಕೊಟ್ಟಿದ್ದರು. "ಆಮೇಲೆ ನಮ್ಮಪ್ಪನ ಹತ್ರ ಜಗಳಕ್ಕೇ ಹೋದ್ರು. 'ನಿಮ್ಮಂಗಡೀಲಿ ಕೂರಿಸಿದ್ರೆ ಇವನು ಗಲ್ಲಾ ಪೆಟ್ಟಿಗೆ ಹಿಂದೆ ಸತ್ತು ಹೋಗ್ತಾನೆ, ಇವನ ಕಣ್ಣು ನೋಡಿ ಒಂದ್ಸಲ' ಅಂತ. ನಮ್ಮಪ್ಪ ಸಾಯೋತನಕ ಅವರನ್ನ ಬೈಕೊಂಡೇ ಇದ್ದ. ಆದ್ರೂ ನನ್ನನ್ನ ಬಿಟ್ಟ."

ಅಷ್ಟು ಹೊತ್ತಿಗೆ ಜಿಂಕೆ ಬಂದಳು. ಮೊಣಕಾಲಿಗೆ ಪಟ್ಟಿ, ಸ್ವಲ್ಪ ಕುಂಟು ನಡಿಗೆ. ಬೆಳಗಿನ ಹೊತ್ತು ಮಕ್ಕಳಿಗೆ ಓಟ ಹೇಳಿಕೊಟ್ಟು, ಹಗಲು ಶೂ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಈ ಹೆಂಗಸನ್ನು ಈಗ ನೋಡಿದವರಿಗೆ ಆ ಹೆಸರು ತಮಾಷೆಯಂತೆ ಕಾಣಬಹುದು. ಆದರೆ ಒಂದು ಕಾಲದಲ್ಲಿ ಅವಳು ಓಡಿದರೆ ಊರು ಕೆಲಸ ಬಿಟ್ಟು ನೋಡುತ್ತಿತ್ತು. ರಾಜ್ಯಕ್ಕೆ ಓಡಿದವಳು, ದೇಶಕ್ಕೆ ಓಡಬೇಕಾಗಿದ್ದವಳು. ಮೊಣಕಾಲು ಕೈಕೊಟ್ಟಿತು.

ಅವಳು ಮೇಷ್ಟ್ರ ಕಾಲ ಬಳಿ ಕೂತು ಶೂವಿನ ಮೇಲೆ ಕೈ ಇಟ್ಟು ಗೊಳೋ ಅಂತ ಅತ್ತಳು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಮಾತಿಗೆ ಶುರು ಮಾಡಿದಳು. ಅವಳು ಅಳುವುದೂ ಜೋರು, ಮಾತೂ ಜೋರು.

"ನಮ್ಮಪ್ಪ ಗಾರೆ ಕೆಲಸದೋನು. ಹೆಣ್ಮಗು ಚಡ್ಡಿ ಹಾಕ್ಕೊಂಡು ಓಡೋದಾ ಅಂತ ಕುಣಿದಾಡಿದ. ಮೇಷ್ಟ್ರು ಬಂದು ನಮ್ಮನೆ ಮುಂದಿನ ಮರಳುಗುಡ್ಡೆ ಮೇಲೆ ಕೂತ್ಬಿಟ್ರು. ಒಳಗೆ ಬನ್ನಿ ಅಂದ್ರೆ ಬರಲ್ಲ, ಮನೆಗೆ ಹೋಗಿ ಅಂದ್ರೆ ಹೋಗಲ್ಲ. 'ಮಗು ಏನಾಗ್ಬೇಕು ಅಂತ ನಾನೂ ನೀವೂ ಯಾಕೆ ತೀರ್ಮಾನ ಮಾಡ್ಬೇಕು? ಅದರ ಕಾಲು ತೀರ್ಮಾನ ಮಾಡ್ಲಿ' ಅಂದ್ರು. ದೀಪ ಹಚ್ಚೋ ಹೊತ್ತಿಗೆ ನಮ್ಮಪ್ಪ ಸೋತು ಹ್ಞೂ ಅಂದ."

ಆಮೇಲೆ, ಎಲ್ಲರೂ ಕಾಯುತ್ತಿದ್ದ ಕತೆಗೆ ಬಂದಳು. "ಸ್ವಂತ ಮಗಳು ಅಂತ ಒಂದು ಕೂದಲಷ್ಟು ಪಕ್ಷಪಾತ ಮಾಡಲಿಲ್ಲ ನೋಡಿ. ಆವತ್ತು ಆಯ್ಕೆ ಓಟದಲ್ಲಿ ನಾನು ಗೆದ್ದೆ, ಇವಳು ಸೋತ್ಲು. ಇಷ್ಟೇ ಇಷ್ಟರಲ್ಲಿ! ಬೇರೆ ಅಪ್ಪ ಆಗಿದ್ರೆ ಇಬ್ರೂ ಸಮ ಅಂತ ಅಂದುಬಿಡ್ತಿದ್ದ. ಇವರು ಬಂದು ನನ್ನ ಕೈ ಎತ್ತಿದ್ರು."

ಎಲ್ಲರೂ ಮಗಳ ಕಡೆ ನೋಡಿದರು. ಆ ಕತೆ ಬಂದಾಗಲೆಲ್ಲ ನಗುವ ಹಾಗೆ ಅವಳು ನಕ್ಕಳು. ಅದು ತೋರಿಕೆಯ ನಗುವಲ್ಲ. ಸೋತದ್ದರ ನೋವು ಅವಳಿಗೆ ಇದ್ದೇ ಇತ್ತು, ಆದರೆ ನೇರವಾದ ಗೆರೆಯ ಮುಂದೆ ಸೋತೆ ಅನ್ನುವ ಹೆಮ್ಮೆ ಅದರ ಪಕ್ಕದಲ್ಲೇ ಇತ್ತು. ಕಾಲು ಸಾಲದೆ ಹೋಯಿತು, ಅಷ್ಟೆ. ಅದಕ್ಕೆ ಯಾರನ್ನೂ ದೂರುವಂತಿರಲಿಲ್ಲ. ಆ ಒಂದು ನಂಬಿಕೆಯ ಮೇಲೆ ಅವಳು ಓದಿದಳು, ಹಲ್ಲಿನ ಡಾಕ್ಟರಾದಳು, ಇಷ್ಟು ವರ್ಷ ಬದುಕಿದಳು.

*

ಶಾಲೆಯ ಬಹುಮಾನ ವಿತರಣೆಯ ದಿನ ಅತಿಥಿಗಳು ಜಾಸ್ತಿ ಬಂದು ಕುರ್ಚಿ ಕಡಿಮೆ ಬಿದ್ದವು. ಡ್ರಿಲ್ ಮೇಷ್ಟ್ರು ತಮ್ಮ ಕುರ್ಚಿ ಕೊಟ್ಟು, ಚೆಂಡು ತುಂಬುವ ಪೆಟ್ಟಿಗೆಯನ್ನು ಮಗುಚಿ ಹಾಕಿ ಅದರ ಮೇಲೆ ಕೂತರು. ಶಿಕ್ಷಕರ ಸಾಲಿನಿಂದ ಲೆಕ್ಕದ ಮೇಷ್ಟ್ರು ಕೂಗಿದರು: "ಏನ್ರೀ ನೀವು, ಆಟಕ್ಕುಂಟು ಲೆಕ್ಕಕ್ಕಿಲ್ಲ!"

ಆಟ, ಲೆಕ್ಕ ಎರಡೂ ಅಷ್ಟು ಚೆನ್ನಾಗಿ ಕೂಡಿದ ಜೋಕಿಗೆ ವೇದಿಕೆಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಡ್ರಿಲ್ ಮೇಷ್ಟ್ರೇ. ಹತ್ತನೇ ತರಗತಿಯ ಸಾಲಿನಲ್ಲಿ ಕೂತಿದ್ದ ಮಗಳು ಅಪ್ಪನ ನಗುವನ್ನು ನೋಡಿ ತಲೆ ತಗ್ಗಿಸಿದಳು.

ಮನೆಗೆ ಹೋಗುವಾಗ ಅಪ್ಪ ಅವಳಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ಮನೆಯ ತಿರುವು ಬಂದಾಗ, "ನೀನು ಕೂತು ಮಾಡೋ ಕೆಲಸ ಹಿಡೀಬೇಕು ಪುಟ್ಟಿ," ಎಂದರು. "ನೆರಳಲ್ಲಿ. ಜನ ಬಂದು ನಿನ್ನ ಮುಂದೆ ನಿಂತ್ಕೋಬೇಕು. ಡಾಕ್ಟರಾಗು."

"ನಾನು ಓಡ್ತೀನಪ್ಪ."

"ಓಡಿ?"

"ಓಡ್ತೀನಿ, ಅಷ್ಟೆ. ನಂಗೆ ಬೇರೇನೂ ಬೇಡ."

ಅಪ್ಪ ನಿಂತರು. ಅವಳ ಮುಖ ನೋಡಿದರು. ಊರ ಮಕ್ಕಳ ಅಪ್ಪಂದಿರ ಎದುರು ಹೇಳುತ್ತಿದ್ದ ಮಾತು ಅವರಿಗೆ ಆಗ ನೆನಪಾಯಿತೋ ಇಲ್ಲವೋ. "ಸರಿ. ಬರೋ ತಿಂಗಳು ಆಯ್ಕೆ ಓಟ ಇದೆ. ಗೆದ್ರೆ ಓಡು, ಸೋತ್ರೆ ಓದು. ಒಪ್ಪಿಗೆಯಾ?"

ಅವಳು ನಕ್ಕು ಕೈ ಚಾಚಿದಳು. ಅಪ್ಪ ಕೈ ಕುಲುಕಿದರು. ಅಷ್ಟು ನ್ಯಾಯವಾದ ಮಾತನ್ನು ಆ ವಯಸ್ಸಿನ ಯಾವ ಗೆಳತಿಯ ಅಪ್ಪನೂ ಆಡಿರಲಿಲ್ಲ ಅಂತ ಅವಳಿಗೆ ಹೆಮ್ಮೆಯೇ ಆಯಿತು.

ಅದು ಮೈದಾನದ ಒಂದು ಪೂರ್ತಿ ಸುತ್ತಿನ ಓಟ. ಒಬ್ಬೊಬ್ಬರಿಗೆ ಒಂದೊಂದು ಲೇನ್. ಸುತ್ತಿನ ಓಟದಲ್ಲಿ ಹೊರಗಿನ ಲೇನ್ ಉದ್ದವಾಗುತ್ತದೆ. ಅದಕ್ಕೆ ಹೊರಗೆ ಓಡುವವರನ್ನು ಒಳಗಿನವರಿಗಿಂತ ಮುಂದೆ ನಿಲ್ಲಿಸುತ್ತಾರೆ. ಎಷ್ಟು ಮುಂದೆ ನಿಲ್ಲಿಸಿದರೆ ಎಲ್ಲರ ದೂರವೂ ಒಂದೇ ಆಗುತ್ತದೆ ಅನ್ನುವುದು ಗೆರೆ ಹಾಕುವವನ ವಿದ್ಯೆ. ಕಣ್ಣಳತೆಯಲ್ಲಿ ನೋಡಿದರೆ ಏನೂ ತಿಳಿಯುವುದಿಲ್ಲ, ಗೆರೆ ಹಾಕಿದವನನ್ನು ನಂಬಬೇಕು, ಅಷ್ಟೆ. ಮಗಳಿಗೆ ತೀರ ಹೊರಗಿನ ಲೇನ್ ಬಂತು. ಎಲ್ಲರಿಗಿಂತ ಮುಂದೆ, ಒಬ್ಬಳೇ ನಿಂತಳು. ಆ ಲೇನಿನಲ್ಲಿ ಓಡುವವರಿಗೆ ಎದುರಿಗೆ ಯಾರೂ ಕಾಣುವುದಿಲ್ಲ. ಹಿಂದೆ ಎಷ್ಟು ಹತ್ತಿರ ಬಂದಿದ್ದಾರೆ ಅಂತ ಕಿವಿಯಿಂದಲೇ ತಿಳಿಯಬೇಕು.

ಅವಳು ಅಂಥ ಓಟವನ್ನು ಹಿಂದೆಂದೂ ಓಡಿರಲಿಲ್ಲ. ಕಾಲು ನೆಲಕ್ಕೆ ತಾಕುತ್ತಿದೆಯೋ ಇಲ್ಲವೋ ಅನ್ನಿಸಿತು. ಕೊನೆಯ ತಿರುವು ಮುಗಿದು ನೇರ ದಾರಿಗೆ ಬಂದಾಗ ಮಗ್ಗುಲಲ್ಲಿ ಜಿಂಕೆಯ ಉಸಿರು ಕೇಳಿತು. ಕೂದಲೆಳೆಯಲ್ಲಿ ಸೋತಳು.

ಅಪ್ಪ ಜಿಂಕೆಯ ಕೈ ಎತ್ತಿದರು. ಆಮೇಲೆ ಇವಳ ಹತ್ತಿರ ಬಂದು, ಸುಣ್ಣ ಮೆತ್ತಿದ ಕೈಯನ್ನು ತಲೆಯ ಮೇಲಿಟ್ಟು, "ಪರವಾಗಿಲ್ಲ," ಎಂದರು. ಚೆನ್ನಾಗಿ ಓಡಿದೆ ಅಂತಲೋ, ಹೋಗಲಿ ಬಿಡು ಅಂತಲೋ, ಎರಡಕ್ಕೂ ಅದೇ ಒಂದು ಮಾತು. ಮಗಳು ಮನೆಗೆ ಹೋಗಿ ಓಟದ ಶೂ ಬಿಚ್ಚಿಟ್ಟು ಪುಸ್ತಕ ತೆಗೆದಳು. ಕೊಟ್ಟ ಮಾತು ಮಾತು.

*

ಅಡುಗೆಮನೆಯಲ್ಲಿ ಅಮ್ಮ ಬಂದವರಿಗೆಲ್ಲ ಕಾಫಿ ಬಗ್ಗಿಸುತ್ತಿದ್ದಳು. ಬೇರೆಯವರು ಮಾಡುತ್ತಾರೆ ಅಂದರೂ ಕೇಳಲಿಲ್ಲ. "ಕೈ ಓಡ್ತಾ ಇದ್ರೆ ತಲೆ ಸುಮ್ನಿರುತ್ತೆ," ಅಂದಳು. ಮಗಳು ಲೋಟ ತೊಳೆದುಕೊಡುತ್ತಿದ್ದಳು. ಜಿಂಕೆ ತಟ್ಟೆ ಹಿಡಿದು ಬಂದು ನಿಂತಳು.

"ಅಮ್ಮ, ನಾವೆಲ್ಲ ಒಂದು ಮಾತಾಡ್ಕೊಂಡಿದೀವಿ. ಚಿತಾಗಾರಕ್ಕೆ ಹೋಗೋ ಮುಂಚೆ ಗಾಡಿ ಗ್ರೌಂಡಿಗೆ ಬರ್ಲಿ. ಬೆಳಗ್ಗೆನೇ ಹುಡುಗ್ರು ಗೆರೆ ಹಾಕಿದಾರೆ. ಮೇಷ್ಟ್ರನ್ನ ಒಂದು ಸುತ್ತು ಕರ್ಕೊಂಡು ಹೋಗೋಣ. ನಾವು ಹಿಂದೆ ನಡ್ಕೊಂಡು ಬರ್ತೀವಿ. ಡಾಕ್ಟರಮ್ಮ ಎರಡು ಮಾತಾಡ್ಲಿ."

"ನಾನೇನು ಮಾತಾಡ್ಲೇ?"

"ಇನ್ನೇನು, ಆ ಓಟದ ಕತೆ. ನಾನು ಹೇಳಿದ್ರೆ ಗೆದ್ದೋಳ ಜಂಬ ಅಂತಾರೆ. ನೀನು ಹೇಳಿದ್ರೆ ಅದರ ತೂಕಾನೇ ಬೇರೆ." ಲೋಟಗಳನ್ನು ತಟ್ಟೆಯಲ್ಲಿ ಜೋಡಿಸಿಕೊಂಡಳು. "ನಿಜ ಹೇಳ್ಲಾ ಅಮ್ಮ? ಮೇಷ್ಟ್ರ ಜಾಗದಲ್ಲಿ ನಾನಿದ್ದಿದ್ರೆ ನನ್ನ ಮಗಳ ಗೆರೇನ ಒಂದು ಹೆಜ್ಜೆ ಮುಂದೆ ಹಾಕಿಬಿಡ್ತಿದ್ದೆ. ಯಾರಿಗೆ ಗೊತ್ತಾಗ್ತಿತ್ತು?"

ಅವಳು ತಟ್ಟೆ ಎತ್ತಿಕೊಂಡು ಹೋದಳು. ಅಮ್ಮ ಅವಳು ಹೋದ ದಿಕ್ಕಿಗೆ ನೋಡಿ ಸಣ್ಣಗೆ ನಕ್ಕಳು.

"ಮುಂದೆ ಅಂತೆ! ಪಾಪ."

"ಯಾಕಮ್ಮ?"

"ನೀನು ಮಾತಾಡುವಾಗ ಬಾಯಿ ತಪ್ಪಿ ಹೇಳಿಗೀಳಿಬಿಟ್ಟೀಯ ಮತ್ತೆ. ಅವಳು ಆ ಗೆಲುವನ್ನೇ ನಂಬ್ಕೊಂಡು ಬದುಕಿರೋಳು."

"ಏನು ಹೇಳ್ಬಾರ್ದು?"

"ಅದೇ ಕಣೇ, ನಿನ್ನ ಗೆರೆ ಹಿಂದೆ ಹಾಕಿದ್ದು."

ಮಗಳ ಕೈಯಲ್ಲಿದ್ದ ಲೋಟದಿಂದ ನೀರು ಸುರಿಯುತ್ತಲೇ ಇತ್ತು. "ಯಾರು ಹಾಕಿದ್ದು?"

ಅಮ್ಮ ತಿರುಗಿ ನೋಡಿದಳು. ಮಗಳ ಮುಖ ನೋಡುತ್ತಾ ನೋಡುತ್ತಾ ಅವಳ ಮುಖದ ಬಣ್ಣ ಇಳಿಯಿತು. "ನಿಮ್ಮಪ್ಪ ಹೇಳಿಲ್ವಾ ನಿಂಗೆ? ಕ್ಲಿನಿಕ್ ಶುರುವಾದ ದಿನ? ಹೇಳಾಯ್ತು ಅಂದ್ರಲ್ಲೇ. 'ಹೇಳ್ದೆ, ನಕ್ಕುಬಿಟ್ಲು' ಅಂದ್ರಲ್ಲ ನಂಗೆ!"

"ಇಲ್ಲ. ಈಗ ನೀನು ಹೇಳು."

ಅಮ್ಮ ಸ್ಟೂಲ್ ಎಳೆದುಕೊಂಡು ಕೂತಳು. ಹೇಳದೆ ವಿಧಿಯಿರಲಿಲ್ಲ. ಓಟದ ಹಿಂದಿನ ದಿನ ಸಾಯಂಕಾಲ ಅಪ್ಪ ಅಮ್ಮನನ್ನು ಗ್ರೌಂಡಿಗೆ ಕರೆದಿದ್ದರು. ಸುಣ್ಣ ಸುರಿಯುವ ಜವಾನನನ್ನು ಬೇಗ ಮನೆಗೆ ಕಳಿಸಿಬಿಟ್ಟಿದ್ದರು. ಹಗ್ಗದ ಒಂದು ತುದಿ ಹಿಡಿಯಲು ಯಾರಾದರೂ ಬೇಕಿತ್ತು.

"ಮೊದ್ಲು ಸರಿಯಾಗೇ ಹಾಕಿದ್ರು. ಆಮೇಲೆ ಅದನ್ನ ಕಾಲಲ್ಲಿ ಒರೆಸಿ, ಹಿಂದಕ್ಕೆ ಬಂದು ಇನ್ನೊಂದು ಎಳೆದ್ರು."

"ನೀನು ನೋಡ್ತಾ ನಿಂತಿದ್ಯಾ? ಏನೂ ಕೇಳ್ಲಿಲ್ವಾ?"

"ಕೇಳ್ದೆ."

"ಏನಂತ?"

ಅಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. "'ಇಷ್ಟು ಸಾಕಾ' ಅಂತ ಕೇಳ್ದೆ."

ಹಜಾರದಲ್ಲಿ ಲೆಕ್ಕದ ಮೇಷ್ಟ್ರು ಯಾರಿಗೋ ಜೋರಾಗಿ ಏನೋ ಹೇಳುತ್ತಿದ್ದರು.

"'ಜಾಸ್ತಿ ಹಾಕಿದ್ರೆ ಅವಳಿಗೆ ಗೊತ್ತಾಗಿಬಿಡುತ್ತೆ. ಅವಳ ಕಾಲು ಎಷ್ಟು ಓಡುತ್ತೆ ಅಂತ ನಂಗೆ ಗೊತ್ತು, ಇಷ್ಟೇ ಸಾಕು' ಅಂದ್ರು. ಆದ್ರೆ ನೀನು ಅವರ ಲೆಕ್ಕಕ್ಕಿಂತ ಜೋರಾಗಿ ಓಡಿಬಿಟ್ಟೆ ಪುಟ್ಟಿ. ಕೊನೇಲಿ ಎಲ್ಲಿ ಗೆದ್ದೇಬಿಡ್ತೀಯೋ ಅನ್ನಿಸಿತಂತೆ ಅವರಿಗೆ. ಆವತ್ತು ಮನೆಗೆ ಬಂದು ಊಟ ಮಾಡ್ಲಿಲ್ಲ. 'ಎಂಥ ಓಟ ಕಣೇ, ಎಂಥ ಓಟ' ಅಂತ ನನ್ನ ಹತ್ರ ಎಷ್ಟು ಸಲ ಅಂದ್ರೋ."

"ನಿನ್ನ ಹತ್ರ ಅಂದ್ರು. ನಂಗೆ ಪರವಾಗಿಲ್ಲ ಅಂದ್ರು."

"ನಿನ್ನ ಒಳ್ಳೇದಕ್ಕೆ ತಾನೇ? ಜಿಂಕೆ ಗತಿ ಏನಾಯ್ತು ನೋಡು. ಮಂಡಿ ಹೋಯ್ತು, ಕಂಡೋರ ಕಾಲಿಗೆ ಶೂ ಹಾಕ್ತಾ ನಿಂತಿದಾಳೆ. ನಿನ್ನನ್ನ ಊರೇ ಡಾಕ್ಟರಮ್ಮ ಅನ್ನುತ್ತೆ."

"ಊರ ಮಕ್ಕಳ ಅಪ್ಪಂದಿರ ಹತ್ರ ಹೋಗಿ ಜಗಳ ಆಡಿದ್ರಲ್ಲಮ್ಮ. ಮರಳುಗುಡ್ಡೆ ಮೇಲೆ ಕೂತ್ರಲ್ಲ. ಅವರ ಮಕ್ಕಳ ಕಾಲು, ಅವರ ಮಕ್ಕಳ ಕಣ್ಣು. ನನ್ನ ಕಾಲು ಏನು ಪಾಪ ಮಾಡಿತ್ತು?"

"ಊರ ಮಕ್ಕಳು ಬಿದ್ರೆ ಎತ್ತೋಕೆ ಅವರಪ್ಪ ಅಮ್ಮ ಇದ್ರು," ಎಂದಳು ಅಮ್ಮ, ಅದು ಜಗತ್ತಿನ ಅತ್ಯಂತ ಸರಳವಾದ ಮಾತು ಅನ್ನುವಂತೆ. "ನೀನು ಬಿದ್ರೆ ನಾವೇ ತಾನೇ?"

ಮಗಳು ನಲ್ಲಿ ನಿಲ್ಲಿಸಿದಳು. ಮೈಯೆಲ್ಲ ಉರಿಯುತ್ತಿತ್ತು. ಡಾಕ್ಟರಾಗು ಅಂತ ಬಲವಂತ ಮಾಡಿದ್ದರೆ, ಹೊಡೆದಿದ್ದರೆ, ಶೂ ಕಿತ್ತು ಬಾವಿಗೆ ಎಸೆದಿದ್ದರೆ, ಅವಳು ಇಷ್ಟು ಹೊತ್ತಿಗೆ ಕ್ಷಮಿಸಿರುತ್ತಿದ್ದಳು. ಎಷ್ಟೋ ಅಪ್ಪಂದಿರು ಹಾಗೆ ಮಾಡುತ್ತಾರೆ, ಎಷ್ಟೋ ಮಕ್ಕಳು ಬೈದುಕೊಂಡು ಬದುಕುತ್ತಾರೆ. ಬೈಯುವುದಕ್ಕಾದರೂ ಒಬ್ಬರು ಇರುತ್ತಾರೆ. ಇವಳಿಗೆ ಅದನ್ನೂ ಉಳಿಸಿರಲಿಲ್ಲ. ಅಪ್ಪ ಕೈ ಕುಲುಕಿ, ನ್ಯಾಯದ ಮಾತಾಡಿ, ಅವಳ ಸೋಲನ್ನು ಅವಳ ಕಾಲಿಗೇ ಕಟ್ಟಿ ಕಳಿಸಿದ್ದರು. ಇಷ್ಟು ವರ್ಷ ತನ್ನ ಕಾಲನ್ನೇ ಬೈದುಕೊಂಡಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

"ಈಗ ಯಾಕೆ ಅದೆಲ್ಲ. ಹೋದವರು ಹೋದ್ರು," ಎಂದು ಅಮ್ಮ ಕೈ ಚಾಚಿದಳು.

ಮಗಳು ಆ ಕೈಯನ್ನು ನೋಡಿದಳು. ಹಗ್ಗ ಹಿಡಿದಿದ್ದ ಕೈ. ಒರೆಸುವ ಬಟ್ಟೆಯನ್ನು ಅದರಲ್ಲಿಟ್ಟು ಹೊರಗೆ ಹೋದಳು.

*

ಕ್ಲಿನಿಕ್ ಶುರುವಾದ ದಿನ ಎಲ್ಲರಿಗಿಂತ ಮೊದಲು ಬಂದವರು ಅಪ್ಪ. ಹೊಸ ಕುರ್ಚಿಯ ಸುತ್ತಲೂ ನಡೆದು ನೋಡಿದರು. ಪೆಡಲ್ ಒತ್ತಿದರೆ ಏರುತ್ತದೆ, ಇಳಿಯುತ್ತದೆ, ಹಿಂದಕ್ಕೆ ಮಲಗುತ್ತದೆ ಅಂದಾಗ ಮಗುವಿನಂತೆ ಖುಷಿಪಟ್ಟರು.

"ಅಂತೂ ಕುರ್ಚಿ ಕೆಲಸ ಹಿಡಿದೆ."

"ಕುರ್ಚಿ ಕೆಲಸ ಹೌದಪ್ಪ. ಕೂರೋದು ಮಾತ್ರ ರೋಗಿ. ನಾನು ದಿನವೆಲ್ಲ ಬಗ್ಗಿಕೊಂಡು ನಿಂತಿರ್ಬೇಕು. ಈಗಲೇ ಸೊಂಟ ಹಿಡ್ಕೊಂಡಿದೆ."

ಅಪ್ಪ ನಗಲಿಲ್ಲ. ಕುರ್ಚಿಯಲ್ಲಿ ಕೂತರು. ಅವಳು ಪೆಡಲ್ ಒತ್ತಿ ಹಿಂದಕ್ಕೆ ಮಲಗಿಸಿದಳು. ಅವರು ಛಾವಣಿಯನ್ನೇ ನೋಡುತ್ತಾ ಇದ್ದು, "ಪುಟ್ಟಿ, ನಿಂಗೆ ಒಂದು ವಿಷಯ..." ಅಂತ ಬಾಯಿ ತೆರೆದರು.

ತೆರೆದ ಬಾಯಿಗೆ ಅವಳು ಕನ್ನಡಿ ಇಟ್ಟಳು. "ಮೊದ್ಲು ಹಲ್ಲು, ಆಮೇಲೆ ವಿಷಯ. ಬೋಣಿ ನಿಮ್ಮಿಂದ್ಲೇ ಆಗ್ಲಿ."

ಹಿಂದಿನ ಹಲ್ಲಿನಲ್ಲಿ ಒಂದು ಹುಳುಕು ಸಿಕ್ಕಿತು. ಅಪ್ಪನ ಹಲ್ಲು ತುಂಬಿಸುವ ಭಾಗ್ಯ ಯಾವ ಮಗಳು ಬಿಡುತ್ತಾಳೆ? ಇಂಜೆಕ್ಷನ್ ಕೊಟ್ಟಳು, ಕೊರೆದಳು, ತುಂಬಿದಳು. ಕೆನ್ನೆ ಮರಗಟ್ಟಿತು. "ಸಂಜೆ ತನಕ ಸರಿಯಾಗಿ ಮಾತಾಡೋಕಾಗಲ್ಲ. ಏನೋ ಹೇಳ್ತಿದ್ರಲ್ಲ?" ಅಂತ ಕೇಳಿದಾಗ ಅಪ್ಪ ಕೈಯಾಡಿಸಿದರು. ಪರವಾಗಿಲ್ಲ, ಅಂತ.

ಮರಗಟ್ಟಿದ ಕೆನ್ನೆ ಸಂಜೆಗೆ ಸರಿಹೋಗುತ್ತದೆ. ಅಪ್ಪ ಆಮೇಲೆ ಎಷ್ಟೋ ವರ್ಷ ಬದುಕಿದ್ದರು.

*

ಗಾಡಿ ಗ್ರೌಂಡಿನ ಗೇಟು ದಾಟಿ ಟ್ರ್ಯಾಕಿನ ಪಕ್ಕದಲ್ಲಿ ನಿಂತಿತು. ನಡೆಯಲಾರೆನೆಂದು ಅಮ್ಮ ಚಾಲಕನ ಪಕ್ಕದ ಸೀಟಿನಲ್ಲಿ ಕೂತಿದ್ದಳು. ಬಿಸಿಲು ಚುರುಗುಟ್ಟುತ್ತಿತ್ತು. ಹೊಸದಾಗಿ ಹಾಕಿದ ಗೆರೆಗಳು ಕಣ್ಣು ಕುಕ್ಕುವಷ್ಟು ಬೆಳ್ಳಗಿದ್ದವು. ಹಳೆಯ ವಿದ್ಯಾರ್ಥಿಗಳು ಹೇಳದೆಯೇ ಎತ್ತರದ ಪ್ರಕಾರ ಸಾಲು ನಿಂತಿದ್ದರು.

ಜಿಂಕೆ ಮಗಳನ್ನು ಕೈಹಿಡಿದು ಮುಂದಕ್ಕೆ ಕರೆತಂದಳು. "ಹೇಳು," ಎಂದಳು. ಅವಳ ಕಣ್ಣಲ್ಲಿ ಆಗಲೇ ನೀರು. ಕತೆಯಲ್ಲಿ ತನ್ನ ಭಾಗ ಬರುವುದನ್ನು ಕಾಯುವ ಮಗುವಿನ ಮುಖ ಅದು.

ಮಗಳು ಗಾಡಿಯ ಕಡೆ ನೋಡಿದಳು, ಜನರ ಕಡೆ ನೋಡಿದಳು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಒಂದೇ ಒಂದು ವಾಕ್ಯ ಸಾಕು. ಊರಿನ ಗಾದೆ ಅಲ್ಲೇ ಬಿದ್ದುಹೋಗುತ್ತದೆ, ಅಂಗಡಿಯವನು ಆಣೆಗೆ ಬೇರೆ ಮಾತು ಹುಡುಕಬೇಕಾಗುತ್ತದೆ. ಆದರೆ ಆ ವಾಕ್ಯ ಆಡಿದರೆ ಕಳೆದುಕೊಳ್ಳುವವರು ಯಾರು? ಅಪ್ಪ ಆಗಲೇ ಮಲಗಿಯಾಗಿತ್ತು. ಪಕ್ಕದಲ್ಲಿ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ನಿಂತಿದ್ದವಳ ಕೈಯಿಂದ ಮಾತ್ರ ಆ ದಿನ ಕಿತ್ತುಹೋಗುತ್ತದೆ. ಮೋಸವನ್ನು ಅಪ್ಪ ಎಂಥ ಜಾಗದಲ್ಲಿ ಬಚ್ಚಿಟ್ಟು ಹೋಗಿದ್ದರು ಅಂತ ಅವಳಿಗೆ ಆಗ ತಿಳಿಯಿತು. ಜಿಂಕೆಯ ಗೆಲುವಿನೊಳಗೆ ಇಟ್ಟಿದ್ದರು. ತೆಗೆಯಬೇಕಾದರೆ ಅದನ್ನು ಒಡೆಯಬೇಕು.

"ಆವತ್ತು ಜಿಂಕೆ ಚೆನ್ನಾಗಿ ಓಡಿದ್ಲು," ಎಂದಳು. ದನಿ ಅವಳಿಗೇ ಬೇರೆ ಯಾರದೋ ಅನ್ನಿಸಿತು. "ನಾನೂ ಚೆನ್ನಾಗಿ ಓಡಿದೆ. ಎಷ್ಟು ಚೆನ್ನಾಗಿ ಓಡಿದೆ ಅಂತ ನಂಗೆ ಗೊತ್ತಾಗಿದ್ದು ಇವತ್ತು."

ಜನ ತಲೆದೂಗಿದರು. ಅವಳು ಕಾಲ ಬಳಿಯ ಬಿಳಿ ಗೆರೆಯನ್ನು ನೋಡಿದಳು. ಆಮೇಲೆ ಹೇಳಿದಳು:

"ಅಪ್ಪ ಹಾಕಿದ ಗೆರೇನ ನಾನು ಯಾವತ್ತೂ ದಾಟ್ಲಿಲ್ಲ."

ಅಷ್ಟು ಸಾಕಾಯಿತು. ಸಾಲಿನಲ್ಲಿ ಬಿಕ್ಕಿದ ಸದ್ದು ಕೇಳಿತು. "ಮಕ್ಕಳು ಅಂದ್ರೆ ಹೀಗಿರಬೇಕು!" ಎಂದರು ಲೆಕ್ಕದ ಮೇಷ್ಟ್ರು, ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ. ಇವತ್ತು ಅವರಿಗೆ ಕೇಳಿಸಿದ ಮಾತು ಅದೊಂದೇ. ಜಿಂಕೆ ಅವಳನ್ನು ಬಿಗಿದಪ್ಪಿ, "ಎಂಥ ಅಪ್ಪನ್ನ ಪಡೆದಿದ್ಯೇ," ಅಂತ ಅತ್ತಳು. ಗಾಡಿಯ ಮುಂದಿನ ಸೀಟಿನಲ್ಲಿ ಅಮ್ಮ ಮಾತ್ರ ತಲೆ ಎತ್ತಲಿಲ್ಲ.

ಗಾಡಿ ಮೆಲ್ಲಗೆ ಹೊರಟಿತು. ಚಾಲಕ ಒಳಗಿನ ಗೆರೆಗೆ ಅಂಟಿಕೊಂಡೇ ಓಡಿಸಿದ. ಜನರೆಲ್ಲ ಅದರ ಹಿಂದೆ ಗುಂಪಾಗಿ ನಡೆದರು. ಮಗಳು ಮಾತ್ರ ಅವರನ್ನು ಬಿಟ್ಟು, ಟ್ರ್ಯಾಕನ್ನು ಅಡ್ಡಲಾಗಿ ದಾಟಿ, ತೀರ ಹೊರಗಿನ ಲೇನಿಗೆ ಹೋಗಿ ಅಲ್ಲಿಂದ ನಡೆಯತೊಡಗಿದಳು.

"ಅಲ್ಯಾಕೆ ಹೋದೆ? ಒಳಗೆ ಬಾರೇ, ಅದು ಸುತ್ತು ಜಾಸ್ತಿ!" ಅಂತ ಜಿಂಕೆ ಕೂಗಿದಳು.

ಅವಳು ಕೈಯೆತ್ತಿ, ನೀವು ಹೋಗಿ ಎಂದು ಸನ್ನೆ ಮಾಡಿದಳು. ಮೊದಲ ತಿರುವಿನಲ್ಲೇ ಹಿಂದೆ ಬಿದ್ದಳು. ಎದುರು ಬದಿಯ ನೇರ ದಾರಿಯಲ್ಲಿ ಇನ್ನಷ್ಟು. ಅವಸರ ಮಾಡಲಿಲ್ಲ. ಹಣೆಯಿಂದ ಬೆವರು ಇಳಿದು ಕಣ್ಣಿಗೆ ಬಂತು, ಅಥವಾ ಅದು ಬೆವರಲ್ಲದೆಯೂ ಇರಬಹುದು, ಒರೆಸಿಕೊಳ್ಳಲಿಲ್ಲ. ಗಾಡಿ ಸುತ್ತು ಮುಗಿಸಿ ಕೊನೆಯ ಗೆರೆಯ ಹತ್ತಿರ ನಿಂತಿತು. ಎಂಜಿನ್ ಗುರುಗುಟ್ಟುತ್ತಲೇ ಇತ್ತು. ಚಿತಾಗಾರದವರು ಕೊಟ್ಟ ಹೊತ್ತು ಮೀರುತ್ತದೆ ಅಂತ ಯಾರೋ ಗೊಣಗಿದರು. ಎಲ್ಲರೂ ತಿರುಗಿ ನಿಂತು, ಕೊನೆಯ ತಿರುವಿನಲ್ಲಿ ಒಬ್ಬಳೇ ಬರುತ್ತಿದ್ದ ಹೆಂಗಸನ್ನು ಕಾದರು.

ಅವಳು ಬಂದಳು. ಗಾಡಿಯ ಬಾಗಿಲ ಬಳಿ ಜನ ಸರಿದು ದಾರಿ ಬಿಟ್ಟರು. ಜಿಂಕೆ, "ಬಾ, ಹತ್ತು," ಅಂತ ಕೈ ಚಾಚಿದಳು.

ಮಗಳು ಆ ಕಡೆ ನೋಡಲಿಲ್ಲ. ಕೊನೆಯ ಗೆರೆಯನ್ನು ದಾಟಿ, ತನ್ನ ಲೇನಿನಲ್ಲೇ ಮುಂದೆ ಹೋದಳು. ಮೊದಲ ತಿರುವು ಮತ್ತೆ ಶುರುವಾಗುವಲ್ಲಿ ಅವಳ ಹೆಜ್ಜೆ ಬಿರುಸಾಯಿತು. ಕರೆಯಬೇಕೋ ಬೇಡವೋ ತಿಳಿಯದೆ ಜನ ಒಬ್ಬರ ಮುಖ ಒಬ್ಬರು ನೋಡಿದರು.

"ಕಾಯ್ಬೇಕೇನಮ್ಮ?" ಎಂದು ಚಾಲಕ ಅಮ್ಮನನ್ನು ಕೇಳಿದ.

ಅಮ್ಮ ಗಾಜಿನಾಚೆ ನೋಡುತ್ತಾ ತಲೆಯಾಡಿಸಿದಳು. ಅವನು ಎಂಜಿನ್ ಆರಿಸಿದ.